ಹಿಟ್ಟು ಹೊಸದಿರಲಿ, ಎಸರು ಕುದಿಯಲಿ

ಜೋಳದ ರೊಟ್ಟಿ ಬಡಿಯಲು ಹೋಗಿ ಅಂಚು ಸೀಳಿ, ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿದು, ಬೇಸತ್ತು ಚಪಾತಿಗೆ ಮರಳಿದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆಲ್ಲ ಸಿಗುವ ಸಮಾಧಾನದ ಮಾತು ಒಂದೇ: ‘ಕೈ ಪಳಗಬೇಕು.’ ಕೈ ಪಳಗಬೇಕೆನ್ನುವುದು ನಿಜ. ಆದರೆ ಹಿಟ್ಟು ಹಳೆಯದಾಗಿದ್ದರೆ, ಎಸರು ಕುದಿಯದೆ ಬರೀ ಬೆಚ್ಚಗಿದ್ದರೆ ನಲವತ್ತು ವರ್ಷ ರೊಟ್ಟಿ ಬಡಿದ ಕೈಯೂ ಸೋಲುತ್ತದೆ. ರೊಟ್ಟಿಯ ಮುಕ್ಕಾಲು ಕೆಲಸ ಗಿರಣಿಯಲ್ಲಿ ಮತ್ತು ಎಸರಿನ ಪಾತ್ರೆಯಲ್ಲೇ ಮುಗಿದಿರುತ್ತದೆ. ಆ ಎರಡನ್ನು ಸರಿಮಾಡಿಕೊಂಡರೆ ಕೈ ತಾನಾಗಿ ಕಲಿಯುತ್ತದೆ. ದಿನದ ಊಟಕ್ಕೂ ಬೀಗರ ಊಟಕ್ಕೂ ಆಗುವಂತೆ ರೊಟ್ಟಿಯ ಬುಟ್ಟಿ ತುಂಬಿಸಿಡುವುದು ಆಮೇಲೆ ಕಷ್ಟವಲ್ಲ.

ಇಲ್ಲಿ ಹೇಳುತ್ತಿರುವುದು ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನ ಸುತ್ತಮುತ್ತಲ ರೊಟ್ಟಿಯ ಮಾತು. ಈಗ ಮಸ್ಕಿ ತಾಲೂಕಿನಲ್ಲಿರುವ ಈ ಊರು ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿತ್ತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಸಿಂಧನೂರು ಸೀಮೆಗೆ ಎಡದಂಡೆ ನಾಲೆಯ ನೀರು ಬಂತು, ಭತ್ತದ ಗದ್ದೆ ಬಂತು, ವಲಸೆ ರೈತರ ಕ್ಯಾಂಪುಗಳು ಬಂದವು, ತಟ್ಟೆಯಲ್ಲಿ ಅನ್ನ ಹೆಚ್ಚಾಯಿತು. ಪಾಮನಕಲ್ಲೂರಿನ ಕಡೆಯ ಹೊಲಗಳು ಮಾತ್ರ ಮಳೆಯನ್ನೇ ನಂಬಿಕೊಂಡು ಉಳಿದವು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಈ ಭಾಗದ ರೈತರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲೇ ಧರಣಿ ಕೂತು ತಿಂಗಳುಗಟ್ಟಲೆ ಹೋರಾಡಿದ್ದು ಆ ಕಾರಣಕ್ಕೇ. ಅವರ ಬೇಡಿಕೆ ನ್ಯಾಯವಾದದ್ದು, ನೀರು ಬರಲೇಬೇಕು. ಬಂದ ಮೇಲೂ ಪ್ರತಿ ಮನೆಯವರು ತಮ್ಮ ಊಟಕ್ಕಾಗುವಷ್ಟು ಜೋಳವನ್ನು ಬಿತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಈ ಸೀಮೆಯ ಅಡುಗೆಯೆಲ್ಲ ನಿಂತಿರುವುದು ಆ ಕಾಳಿನ ಮೇಲೆ.

ಜೋಳ ಮತ್ತು ಗಿರಣಿ

ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಆಗಬೇಕು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕೊಯ್ಯುವ ಬೆಳೆ ಇದು. ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತಿರುತ್ತದೆ, ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಬಲಿಯುತ್ತದೆ. ಒಣ ಹವೆಯಲ್ಲಿ ಮಾಗಿದ್ದರಿಂದ ಕಾಳು ದುಂಡಗೆ, ಬೆಳ್ಳಗೆ, ಹೊಳಪಾಗಿ ಇರುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕಿದರೆ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಅಂಥ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿಗೂ ರುಚಿ ಇರುವುದಿಲ್ಲ. ಸೋಲಾಪುರದ ಹತ್ತಿರದ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1, ಅಂದರೆ ಮಾಲದಂಡಿ ತಳಿಗೆ ಇಂದಿಗೂ ರೊಟ್ಟಿ ತಿನ್ನುವವರ ಮನೆಯಲ್ಲಿ ಮೊದಲ ಮರ್ಯಾದೆ. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಹಿಡಿ ಕಾಳು ತೆಗೆದು ಅಂಗೈ ಮೇಲೆ ಹರಡಿ ನೋಡಿ. ಕಪ್ಪು ಮೂತಿಯ ಕಾಳು, ತೂತು ಬಿದ್ದ ಕಾಳು ಹೆಚ್ಚಿದ್ದರೆ ಬಿಡಿ. ಎರಡು ಕಾಳು ಕಡಿದಾಗ ಕಟ್ಟೆಂದು ಮುರಿಯಬೇಕು. ಮೆತ್ತಗೆ ಅಮುಕಿದರೆ ಇನ್ನೂ ತೇವವಿದೆ ಎಂದರ್ಥ.

ಹಿಂದೆ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಹುಳಕ್ಕೆ ಬದುಕಲು ಆಗುತ್ತಿರಲಿಲ್ಲ. ಈಗಿನ ಮನೆಗೆ ಬಿಗಿ ಮುಚ್ಚಳದ ತಗಡಿನ ಡಬ್ಬಿ ಸಾಕು. ಜೋಳವನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ, ಒಣಗಿಸಿದ ಬೇವಿನ ಎಲೆಯ ಜೊತೆ ತುಂಬಿ. ಕಾಳು ವರ್ಷ ತಡೆಯುತ್ತದೆ, ಹಿಟ್ಟು ತಡೆಯುವುದಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಬೀಸಿದ ಕೂಡಲೇ ಕಾಳಿನ ಮೊಳಕೆಯಲ್ಲಿರುವ ಎಣ್ಣೆಯಂಶ ಹಿಟ್ಟಿಗೆಲ್ಲ ಹರಡಿ ಗಾಳಿಗೆ ಸಿಗುತ್ತದೆ. ದಿನ ಕಳೆದಂತೆ ಹಿಟ್ಟು ಕಹಿಯಾಗುತ್ತ, ಕಮಟುತ್ತ, ಜಿಗಿ ಕಳೆದುಕೊಳ್ಳುತ್ತದೆ. ಎಂಟು–ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಏಪ್ರಿಲ್–ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ವಾರಕ್ಕೆ ಮೀರಿ ಬೇಡ. ಪಟ್ಟಣದಲ್ಲಿ ಪ್ಯಾಕೆಟ್ ಹಿಟ್ಟೇ ಗತಿ ಎನ್ನುವವರು ಬೀಸಿದ ತಾರೀಖು ನೋಡಿ ಕೊಂಡು, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಹಿಟ್ಟನ್ನು ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಳ್ಳಿ: ಸಿಹಿ ಛಾಯೆ ಇದ್ದರೆ ಹೊಸದು, ಕೊನೆಯಲ್ಲಿ ಕಹಿ ಉಳಿದರೆ ರೊಟ್ಟಿಗೆ ಬೇಡ.

ಗಿರಣಿಯಲ್ಲಿ ನುಣ್ಣಗೆ ಬೀಸಲು ಹೇಳಿ. ತರಿ ಉಳಿದರೆ ಅಂಚು ಸೀಳುತ್ತದೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಬಾರದು, ಬಟ್ಟೆಯ ಮೇಲೆ ಹರಡಿ ಆರಿಸಬೇಕು. ಗೋಧಿ ಒಗ್ಗದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಹಾಕಿಸಬೇಡಿ. ಜೋಳದಲ್ಲಿ ಗ್ಲುಟೆನ್ ಇಲ್ಲ ನಿಜ, ಗಿರಣಿಯ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟಿನಲ್ಲಿ ಇರುತ್ತದಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರಿನಂಶ ಇದೆ. ಎರಡು ರೊಟ್ಟಿ ತಿಂದು ಹೊಲಕ್ಕೆ ಹೋದವರಿಗೆ ಮಧ್ಯಾಹ್ನದವರೆಗೆ ಹಸಿವಾಗದೆ ಇರುವುದು ಸುಮ್ಮನೆ ಅಲ್ಲ.

ಎಸರು

ಗೋಧಿ ಹಿಟ್ಟನ್ನು ತಣ್ಣೀರಲ್ಲಿ ನಾದಿದರೂ ಗ್ಲುಟೆನ್ ಅದನ್ನು ಹಿಡಿದಿಡುತ್ತದೆ. ಜೋಳಕ್ಕೆ ಆ ಆಸರೆ ಇಲ್ಲ. ಅದನ್ನು ಹಿಡಿದಿಡಬೇಕಾದದ್ದು ಅದರದೇ ಪಿಷ್ಟ. ಪಿಷ್ಟದ ಕಣಗಳು ನೀರು ಕುಡಿದು, ಉಬ್ಬಿ, ಅಂಟಾಗುವುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ. ಕುದಿಯುವ ನೀರನ್ನು ತಣ್ಣನೆಯ ಹಿಟ್ಟಿಗೆ, ತಣ್ಣನೆಯ ಪರಾತಕ್ಕೆ ಸುರಿದ ಕ್ಷಣವೇ ಅದರ ಕಾವು ಇಳಿಯುತ್ತದೆ. ಆದ್ದರಿಂದಲೇ ಎಸರು ಮರಳಿ ಮರಳಿ ಕುದಿಯುತ್ತಿರಬೇಕು. ಬೆಚ್ಚಗಿನ ನೀರು ಹಾಕಿದರೆ ಹಿಟ್ಟು ಒದ್ದೆಯಾಗುತ್ತದೆಯೇ ಹೊರತು ಅಂಟಾಗುವುದಿಲ್ಲ. ಜಪಾನಿನಲ್ಲಿ ಬ್ರೆಡ್ ಮೆತ್ತಗಿರಲಿ ಎಂದು ಹಿಟ್ಟಿನ ಒಂದು ಪಾಲಿಗೆ ಕುದಿನೀರು ಹಾಕಿ ಕಲಸಿಡುವ ‘ಯುದಾನೆ’ ಎಂಬ ಕ್ರಮವಿದೆ, ಈಗ ನಮ್ಮ ನಗರಗಳ ಬೇಕಿಂಗ್ ತರಗತಿಗಳಲ್ಲೂ ಕಲಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆ ದಿನವೂ ಮಾಡುತ್ತಿರುವುದು ಅದನ್ನೇ.

ಹೊಸದಾಗಿ ಕಲಿಯುವವರಿಗೆ ಒಂದು ಅಳತೆ. ಹಿಟ್ಟು ಎರಡು ಕಪ್ಪು, ಹೆಚ್ಚುಕಡಿಮೆ ಕಾಲು ಕಿಲೋ. ನೀರು ಒಂದೂವರೆ ಕಪ್ಪು. ಅದರಲ್ಲಿ ಒಂದು ಕಪ್ಪು ನೀರನ್ನು ಚಿಟಿಕೆ ಉಪ್ಪು ಹಾಕಿ ಕುದಿಸಿ. ಪರಾತದಲ್ಲಿ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಅದರೊಳಗೆ ಸುರಿದು, ಸುತ್ತಲಿನ ಒಂದಿಷ್ಟು ಹಿಟ್ಟನ್ನು ಚಮಚದ ಹಿಡಿಯಿಂದ ಒಳಗೆಳೆದು ಕಲಸಿ ಮುಚ್ಚಿಡಿ. ಐದು ನಿಮಿಷ ಬಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗ, ಉಳಿದ ಹಿಟ್ಟನ್ನು ಸೇರಿಸಿಕೊಂಡು ತಣ್ಣೀರು ಚಿಮುಕಿಸುತ್ತ ನಾದಿ. ಒಂದೂವರೆ ಕಪ್ಪು ನೀರೂ ಹಿಡಿಯಬಹುದು, ಸ್ವಲ್ಪ ಹೆಚ್ಚೂ ಬೇಕಾಗಬಹುದು. ‘ಎಷ್ಟು ನೀರು ಹಾಕ್ಬೇಕವ್ವ?’ ಎಂದು ಮಗಳು ಕೇಳಿದರೆ, ‘ಹಿಟ್ಟು ಎಷ್ಟು ಬೇಡ್ತದೋ ಅಷ್ಟು ಹಾಕವ್ವ’ ಎಂದು ತಾಯಿ ಹೇಳುವ ಉತ್ತರ ಜಾರಿಕೊಳ್ಳುವ ಮಾತಲ್ಲ. ಹಿಂಗಾರಿ ಹೊಸ ಜೋಳ ಒಂದು ಬಗೆಯಲ್ಲಿ ನೀರು ಕುಡಿದರೆ, ಹಳೆ ಜೋಳ ಇನ್ನೊಂದು ಬಗೆಯಲ್ಲಿ ಕುಡಿಯುತ್ತದೆ. ನಾದಿದ ಹಿಟ್ಟು ಕಿವಿಯ ಹಾಲೆಯಷ್ಟು ಮೆದುವಾಗಬೇಕು. ಒತ್ತಿದ ಬೆರಳಿನ ಗುರುತು ಉಳಿಯಬೇಕು, ಗುರುತಿನ ಅಂಚು ಸೀಳಬಾರದು.

ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಿಟ್ಟು ಉಂಡೆ ಕಟ್ಟಿಡುವುದು ಚಪಾತಿಯ ಪದ್ಧತಿ. ಜೋಳಕ್ಕೆ ಅದು ಆಗುವುದಿಲ್ಲ, ಉಂಡೆ ಕೂತಲ್ಲೇ ಒಣಗಿ ಬಿರಿಯುತ್ತದೆ. ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಾಗ ಮುಂದಿನ ಉಂಡೆಗೆ ಮತ್ತೊಮ್ಮೆ ನೀರು ಮುಟ್ಟಿಸಿ, ಅಂಗೈಯ ಬುಡದಿಂದ ಎಂಟು–ಹತ್ತು ಸಲ ಒತ್ತಿ ಮಿದ್ದಬೇಕು. ಅಂಚು ಸೀಳುವ ಸಮಸ್ಯೆ ಅರ್ಧ ಇಲ್ಲೇ ಮುಗಿಯುತ್ತದೆ.

ಬಡಿಯುವ ಕೈಯನ್ನು ಹತ್ತಿರದಿಂದ ನೋಡಿ. ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಎರಡು ಕೈಯಲ್ಲಿ ತಿರುಗಿಸುತ್ತ ಬಿಲ್ಲೆ ಮಾಡಿ ಇಡುತ್ತಾರೆ. ಬಲಗೈ ಬಡಿಯುತ್ತದೆ, ಎಡಗೈಯ ಬೆರಳುಗಳು ಅಂಚಿಗೆ ತಾಗಿಕೊಂಡೇ ಇರುತ್ತವೆ. ಬಡಿತದ ಭಾರ ಅಂಗೈಯ ನಡುವಿನದಲ್ಲ, ಕಿರುಬೆರಳ ಕಡೆಯ ಅಂಗೈಯದು. ಪ್ರತಿ ಬಡಿತಕ್ಕೂ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ. ಅದನ್ನು ತಿರುಗಿಸುವುದಕ್ಕೆಂದು ಕೈ ನಿಲ್ಲುವುದೇ ಇಲ್ಲ. ಅಡಿಯಲ್ಲಿ ಹಿಟ್ಟು ಸಾಲದಾದರೆ ತಿರುಗುವುದು ನಿಲ್ಲುತ್ತದೆ, ಆ ಕ್ಷಣವೇ ಎಡಗೈ ಅಂಚೆತ್ತಿ ಚಿಟಿಕೆ ಹಿಟ್ಟು ತಳ್ಳುತ್ತದೆ. ನಡುವಿನಿಂದ ಅಂಚಿಗೆ ತೆಳುವಾಗುತ್ತ ಹೋಗುವುದರಿಂದ ಸೀಳು ಕಂಡರೆ ಒದ್ದೆ ಬೆರಳಿನಿಂದ ಅಲ್ಲೇ ಸವರಿ ಮುಚ್ಚುತ್ತಾರೆ. ಈ ಲಯ ಬರುವವರೆಗೆ ಲಟ್ಟಣಿಗೆ ಹಿಡಿಯಲು ಸಂಕೋಚ ಬೇಡ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಒತ್ತಿದ ರೊಟ್ಟಿಯೂ ರೊಟ್ಟಿಯೇ, ಎಸರು ಸರಿಯಾಗಿದ್ದರೆ ಅದೂ ಉಬ್ಬುತ್ತದೆ.

ಹಂಚು ಚೆನ್ನಾಗಿ ಕಾದಿರಲಿ. ಒಣಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಇಡೀ ಮೇಲ್ಮೈಗೆ ನೀರು ಸವರಿ. ನೀರು ಆ ಒಣಹಿಟ್ಟನ್ನು ತೊಳೆದು ತೆಳುವಾದ ಪದರ ಕಟ್ಟುತ್ತದೆ. ನೀರಿನ ಹೊಳಪು ಹೋಗುವ ಹೊತ್ತಿಗೆ ಸರಿಯಾಗಿ ತಿರುವಿಹಾಕಬೇಕು. ಮೊದಲೇ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೇಲೆಲ್ಲ ಬಿರುಕು. ಎರಡನೆಯ ಮೈ ಕಂದು ಚುಕ್ಕೆ ಬರುವವರೆಗೆ ಬೆಂದ ಮೇಲೆ ಕೆಂಡದ ಮುಂದೆ ನಿಲ್ಲಿಸಿ, ಅಥವಾ ಗ್ಯಾಸಿನ ಉರಿಗೆ ಹಿಡಿಯಿರಿ, ಇಲ್ಲವೆ ಹಂಚಿನ ಮೇಲೇ ಬಟ್ಟೆಯಿಂದ ಅಂಚು ಒತ್ತಿ. ಒಳಗಿನ ಆವಿ ಪದರವನ್ನು ಎತ್ತುತ್ತದೆ. ಎಲ್ಲ ರೊಟ್ಟಿಯೂ ಪೂರ್ತಿ ಉಬ್ಬಲೇಬೇಕೆಂದೇನಿಲ್ಲ. ಎರಡೂ ಮೈ ಬೆಂದು, ನಡುವೆ ಹಸಿಹಿಟ್ಟು ಉಳಿಯದಿದ್ದರೆ ಸಾಕು.

ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ

ದಿನದ ಊಟಕ್ಕೆ ಬಿಸಿ ರೊಟ್ಟಿ, ಆಪತ್ತಿಗೂ ಅತಿಥಿಗೂ ಖಡಕ್ ರೊಟ್ಟಿ. ಹಿಟ್ಟು ಅದೇ, ಎಸರು ಅದೇ. ಇನ್ನಷ್ಟು ತೆಳುವಾಗಿ ಬಡಿದು, ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ತೇವವನ್ನೆಲ್ಲ ಓಡಿಸಬೇಕು. ಸೌದೆ ಒಲೆ ಇರುವ ಮನೆಯಲ್ಲಿ ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸುತ್ತಾರೆ, ಆರುತ್ತಿರುವ ಒಲೆಯ ಕಾವೇ ಅವನ್ನು ಗರಿಗರಿ ಮಾಡುತ್ತದೆ. ಪಟ್ಟಣದ ಮನೆಯಲ್ಲಿ ಓಟಿಜಿ ಒವನ್ ಇದ್ದರೆ ಈ ಕೆಲಸಕ್ಕೆ ಅದು ಚೆನ್ನಾಗಿ ಒದಗುತ್ತದೆ: ಹಂಚಿನ ಮೇಲೆ ಬೆಂದ ತೆಳು ರೊಟ್ಟಿಯನ್ನು ಜಾಲರಿಯ ಮೇಲಿಟ್ಟು 110–120 ಡಿಗ್ರಿಯಲ್ಲಿ 15–20 ನಿಮಿಷ, ನಡುವೆ ಒಮ್ಮೆ ತಿರುವಿ. ಕಾವು ಹೆಚ್ಚಿಸಿದರೆ ಅಂಚು ಕಪ್ಪಾಗಿ ನಡು ಮೆತ್ತಗೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಬುಟ್ಟಿಗೆ ಜೋಡಿಸಬೇಕು. ಬಿಸಿ ರೊಟ್ಟಿಯೊಂದು ನಡುವೆ ಸೇರಿದರೂ ಅದರ ಆವಿಗೆ ಸುತ್ತಲಿನವೆಲ್ಲ ಮೆತ್ತಗಾಗಿ ಬೂಸ್ಟು ಹಿಡಿಯುತ್ತವೆ. ಸರಿಯಾಗಿ ಒಣಗಿದ್ದು ತಿಂಗಳು ಕಳೆದರೂ ಕೆಡುವುದಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತದೆ, ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ರೊಟ್ಟಿ ಉಣಬಡಿಸುತ್ತಾರೆ. ಅಷ್ಟೂ ರೊಟ್ಟಿಯನ್ನು ಒಂದೇ ದಿನ ಬಡಿದದ್ದಲ್ಲ. ಕೇರಿಯ ಮನೆಮನೆಗೆ ಹಿಟ್ಟು ಹಂಚಿ, ದಿನಗಳ ಮೊದಲೇ ಬಡಿದು ಒಣಗಿಸಿ ಇಟ್ಟದ್ದು. ಮದುವೆ ಮನೆಯಲ್ಲೂ ಇದೇ ಏರ್ಪಾಡು. ನಿಮ್ಮ ಮನೆಯ ಚಿಕ್ಕ ಕಾರ್ಯಕ್ಕೂ ಇದನ್ನು ಅನುಸರಿಸಬಹುದು.

ಸಜ್ಜಿ ರೊಟ್ಟಿ ಚಳಿಗಾಲದ್ದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇರಲೇಬೇಕು. ಸಜ್ಜಿಯಲ್ಲಿ ಎಣ್ಣೆಯಂಶ ಜೋಳಕ್ಕಿಂತ ಹೆಚ್ಚು, ಆದ್ದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಮೂರು–ನಾಲ್ಕು ದಿನಕ್ಕಾಗುವಷ್ಟೇ ಬೀಸಿಸಿ. ರೊಟ್ಟಿ ಬಡಿದು, ಮೇಲೆ ನೀರು ಸವರಿದ ಕೂಡಲೇ ಎಳ್ಳು ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಒಣಗಿದ ಮೇಲೆ ಉದುರಿಸಿದರೆ ಎಳ್ಳು ಹಂಚಿಗೇ ಹೋಗುತ್ತದೆ.

ಜೊತೆಗೆ ಏನು

ಈ ಸೀಮೆಯ ರೊಟ್ಟಿಗೆ ಪುಂಡಿಪಲ್ಯ ಇಲ್ಲದಿದ್ದರೆ ಊಟ ಅರ್ಧ. ಆರು ಮಂದಿಗೆ ಎರಡು ಕಟ್ಟು ಪುಂಡಿ ಸೊಪ್ಪಿನ ಎಲೆ ಬಿಡಿಸಿ ತೊಳೆದು, ಬೇರೆಯಾಗಿ ಒಂದು ಕುದಿ ಬರಿಸಿ. ಕೆಂಪು ದಂಟಿನ ಪುಂಡಿ ಬಹಳ ಹುಳಿ, ಅದರ ನೀರು ಬಸಿದುಬಿಡಿ. ಅರ್ಧ ಕಪ್ಪು ತೊಗರಿಬ್ಯಾಳಿ, ಕಾಲು ಕಪ್ಪು ಜೋಳದ ನುಚ್ಚು, ಎಂಟು–ಹತ್ತು ಹಸಿಮೆಣಸಿನಕಾಯಿ ಹಾಕಿ ಬೇಯಿಸಿ. ಬ್ಯಾಳಿ ಬೆಂದ ಮೇಲೆ ಸೊಪ್ಪು, ಉಪ್ಪು ಸೇರಿಸಿ ಕಡಗೋಲಿನಿಂದ ಕಡೆಯಿರಿ. ಕೊನೆಗೆ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಒಂದು ಇಡೀ ಗಡ್ಡೆ, ಕೆಂಪಾಗುವವರೆಗೆ ಹುರಿದು ಒಗ್ಗರಣೆ. ಬಳ್ಳೊಳ್ಳಿಯಲ್ಲಿ ಕೈ ಬಿಗಿ ಹಿಡಿದರೆ ಪುಂಡಿಪಲ್ಯ ಬರೀ ಹುಳಿ. ಸೊಪ್ಪು ಹುಳಿಯಾದ್ದರಿಂದ ಸ್ಟೀಲು ಅಥವಾ ಮಣ್ಣಿನ ಪಾತ್ರೆಯಲ್ಲಿ ಮಾಡಿ, ಕಲಾಯಿ ಇಲ್ಲದ ಹಿತ್ತಾಳೆ ಬೇಡವೇ ಬೇಡ. ಮರುದಿನಕ್ಕೆ ಇದರ ರುಚಿ ಇನ್ನೂ ಹೆಚ್ಚು.

ಬೀಗರು ಬರುವ ದಿನ ಎಣ್ಣೆಗಾಯಿ. ಒಂದು ಕಿಲೋ ಎಳೆ ಬದನೆಕಾಯಿಗೆ ಹುರಿದ ಶೇಂಗಾ ಒಂದು ಕಪ್ಪು, ಹುರಿದ ಗುರೆಳ್ಳು ಕಾಲು ಕಪ್ಪು, ಒಣಕೊಬ್ಬರಿ ಕಾಲು ಕಪ್ಪು, ಎರಡು ಚಮಚ ಎಳ್ಳು, ಎರಡು ಉಳ್ಳಾಗಡ್ಡಿ, ಹತ್ತು ಎಸಳು ಬಳ್ಳೊಳ್ಳಿ, ಖಾರದ ಪುಡಿ, ನಿಂಬೆ ಗಾತ್ರದ ಹುಣಸೆ, ಒಂದು ತುಣುಕು ಬೆಲ್ಲ, ಉಪ್ಪು. ತುಂಬು ಖಾರ ತರಿತರಿಯಾಗಿರಲಿ. ಬುಡ ಕೂಡಿರುವಂತೆ ನಾಲ್ಕಾಗಿ ಸೀಳಿದ ಕಾಯಿಗೆ ತುಂಬಿ, ಧಾರಾಳ ಎಣ್ಣೆಯಲ್ಲಿ ಮೊದಲು ಬಾಡಿಸಿ, ಆಮೇಲೆ ಉಳಿದ ಖಾರಕ್ಕೆ ನೀರು ಬೆರೆಸಿ ಸುರಿದು, ಮುಚ್ಚಿ, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿ. ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಕೆನೆಮೊಸರು, ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಮೆಂತ್ಯ ಇದ್ದರೆ ಸಾಕು, ತಟ್ಟೆ ತುಂಬುತ್ತದೆ. ಪನೀರು, ಗೋಬಿ ತಂದು ಈ ತಟ್ಟೆಗೆ ಸೇರಿಸುವವರಿದ್ದಾರೆ. ನನಗದು ಸರಿಕಾಣದು, ರೊಟ್ಟಿಗೆ ಖಾರ, ಹುಳಿ, ಎಣ್ಣೆ ಬೇಕು, ಕ್ರೀಮಿನ ಸಿಹಿ ಗ್ರೇವಿಯಲ್ಲಿ ಅದರ ಸ್ವಾದ ಮುಳುಗಿಹೋಗುತ್ತದೆ.

ಹತ್ತು ಮಂದಿಯ ಊಟಕ್ಕೆ ಕೆಲಸವನ್ನು ಹೀಗೆ ಹಂಚಿಕೊಳ್ಳಿ. ಖಡಕ್ ರೊಟ್ಟಿ ವಾರದ ಮೊದಲೇ ಆಗಿರಲಿ. ಚಟ್ನಿಪುಡಿಗಳು ಹಿಂದಿನ ದಿನ, ಪುಂಡಿಪಲ್ಯ ಹಿಂದಿನ ರಾತ್ರಿ. ಬೆಳಿಗ್ಗೆ ಎಣ್ಣೆಗಾಯಿ, ಕಾಳುಪಲ್ಯ. ದೊಡ್ಡವರಿಗೆ ತಲಾ ಎರಡು ಬಿಸಿ ರೊಟ್ಟಿ, ಒಂದು ಖಡಕ್ ಎಂದು ಲೆಕ್ಕ ಹಿಡಿದರೆ ಬಿಸಿ ರೊಟ್ಟಿ ಇಪ್ಪತ್ತು. ಒಂದು ಕಿಲೋ ಹಿಟ್ಟಿಗೆ ಇಪ್ಪತ್ತರ ಮೇಲೆ ಬರುತ್ತದೆ. ಒಂದೇ ಹಂಚಿನಲ್ಲಿ ಇದಕ್ಕೆ ಸುಮಾರು ಒಂದು ತಾಸು. ಎಸರು ಹಾಕಿದ ಹಿಟ್ಟು ಹೆಚ್ಚು ಹೊತ್ತು ಕೂರಬಾರದಾದ್ದರಿಂದ ಒಂದು ಕಿಲೋವನ್ನೂ ಒಮ್ಮೆಗೇ ಕಲಸದೆ ಎರಡು–ಮೂರು ಸಲ ಕಲಸಿ. ಬೆಂದ ರೊಟ್ಟಿಯನ್ನು ಬುಟ್ಟಿಯಲ್ಲಿ ತೆಳು ಹತ್ತಿಬಟ್ಟೆ ಹಾಸಿ ಸುತ್ತಿಡಿ; ಸ್ಟೀಲಿನ ಬಿಗಿ ಡಬ್ಬಿಯಲ್ಲಿ ಆವಿ ನೀರಾಗಿ ತಳದ ರೊಟ್ಟಿ ಹಸಿಯಾಗುತ್ತದೆ. ಒಂದು ಮಾತನ್ನು ಒತ್ತಿ ಹೇಳಬೇಕು: ಬಿಸಿ ರೊಟ್ಟಿ ಎಲ್ಲರಿಗೂ ಸಿಗಲೆಂದು ಮನೆಯ ಹೆಂಗಸೊಬ್ಬಳು ಒಲೆಯ ಮುಂದೆಯೇ ಕೂತು, ಎಲ್ಲರೂ ಎದ್ದ ಮೇಲೆ ತಣ್ಣಗಿನದು ಉಣ್ಣುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲ ಬುಟ್ಟಿ ತುಂಬಿದ ಮೇಲೆ ಹಂಚು ಇಳಿಸಿ, ಎಲ್ಲರೂ ಒಟ್ಟಿಗೆ ಕೂರಿ, ಬೇಕಾದವರಿಗೆ ಖಡಕ್ ಇದೆ. ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳುವುದರ ದೊಡ್ಡ ಲಾಭವೇ ಅದು.

ಊಟಕ್ಕೆ ಮುಂಚೆ, ಮಾತುಕತೆ ನಡೆಯುವಾಗ ಕೊಡುವ ತಿನಿಸಿಗೂ ಖಡಕ್ ರೊಟ್ಟಿ ಆಗುತ್ತದೆ. ಅಂಗೈಯಗಲ ಮುರಿದು, ಮೇಲೆ ಶೇಂಗಾ ಹಿಂಡಿಗೆ ಎಣ್ಣೆ ಕಲಸಿ ಸವರಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆರಸ. ತಿನ್ನುವ ಕ್ಷಣಕ್ಕೇ ಮಾಡಿಕೊಡಬೇಕು, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ನಾಗರ ಪಂಚಮಿಯ ಮುಂಚಿನ ರೊಟ್ಟಿ ಹಬ್ಬದಲ್ಲಿ ಮನೆಮನೆಯ ನಡುವೆ ರೊಟ್ಟಿ, ಪಲ್ಯ, ಚಟ್ನಿಪುಡಿ ಬೀರುತ್ತಾರಲ್ಲ, ಆ ರಾಶಿ ಮುಗಿಸಲು ಮಕ್ಕಳಿಗೆ ಇದಕ್ಕಿಂತ ಇಷ್ಟವಾದ ದಾರಿ ಇಲ್ಲ.

ಉಳಿದ ರೊಟ್ಟಿ

ಬಿಸಿ ರೊಟ್ಟಿ ಎರಡು ಹೆಚ್ಚಾಗಿವೆ, ಮಗು ಊಟಕ್ಕೆ ಹಟ ಮಾಡುತ್ತಿದೆ ಅನ್ನಿ, ಮುಟಗಿ ಮಾಡಿ. ರೊಟ್ಟಿ ಬಿಸಿ ಇರುವಾಗಲೇ ಹರಿದು ಒರಳಿಗೆ ಹಾಕಿ, ಮೂರು ಎಸಳು ಬಳ್ಳೊಳ್ಳಿ, ಜೀರಿಗೆ, ಉಪ್ಪು, ಒಂದು ಹಸಿಮೆಣಸಿನಕಾಯಿ ಸೇರಿಸಿ ಕುಟ್ಟಿ, ತುಪ್ಪ ಇಲ್ಲವೆ ಶೇಂಗಾ ಎಣ್ಣೆ ಹಾಕಿ ಉಂಡೆ ಕಟ್ಟಿ. ಮಿಕ್ಸಿಗೆ ಹಾಕಿದರೆ ಪುಡಿಯಾಗುತ್ತದೆ, ಉಂಡೆ ಕೂಡುವುದಿಲ್ಲ. ಒರಳಿಲ್ಲದ ಮನೆಯಲ್ಲಿ ಅಗಲ ಪಾತ್ರೆಯಲ್ಲಿ ಲಟ್ಟಣಿಗೆಯ ತುದಿಯಿಂದ ಜಜ್ಜಿದರಾಯಿತು.

ರಾತ್ರಿಯ ತಂಗಳ ರೊಟ್ಟಿಯನ್ನು ಬೆಳಿಗ್ಗೆ ಮಂಡಾಳ ಒಗ್ಗರಣೆಯ ಹಾಗೆಯೇ ಮಾಡಬಹುದು. ನಾಲ್ಕು ರೊಟ್ಟಿಯನ್ನು ಚೂರು ಮಾಡಿ ಕಾಲು ಕಪ್ಪು ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಡಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಸಿನ. ರೊಟ್ಟಿ ಹಾಕಿ ಮುಚ್ಚಿ ಎರಡು ನಿಮಿಷ. ನೀರಿಗಿಂತ ಮಜ್ಜಿಗೆಯೇ ಒಳ್ಳೆಯದು, ಅದರ ಹುಳಿಯಲ್ಲಿ ತಂಗಳ ವಾಸನೆ ಅಡಗುತ್ತದೆ. ಖಡಕ್ ರೊಟ್ಟಿಯ ಮುರುಕಲನ್ನು ಬಿಸಿ ಬ್ಯಾಳಿ ಸಾರಿಗೆ ಹಾಕಿ ನೆನೆಸಿ ಉಣ್ಣುವುದಕ್ಕೆ ಬೇರೆ ವಿಧಾನವೇ ಬೇಡ.

ಜೋಳದ ಬನ್ನು

ಮಕ್ಕಳು ಬೇಕರಿಯ ಬನ್ನನ್ನೇ ಕೇಳುವ ಕಾಲ ಇದು. ಜೋಳ ಒಂದರಿಂದಲೇ ಬನ್ನು ಉಬ್ಬಿಸಲು ಆಗುವುದಿಲ್ಲ, ಈಸ್ಟ್ ಹುಟ್ಟಿಸಿದ ಗಾಳಿಯನ್ನು ಹಿಡಿದಿಡಲು ಗ್ಲುಟೆನ್ ಬೇಕು. ನಾಲ್ಕರಲ್ಲಿ ಒಂದು ಪಾಲು ಜೋಳ ಹಾಕಿದರೆ ಬನ್ನು ಚೆನ್ನಾಗಿಯೇ ಬರುತ್ತದೆ, ಎಸರಿನ ಕ್ರಮ ಇಲ್ಲೂ ಬೇಕು. 100 ಗ್ರಾಂ ಜೋಳದ ಹಿಟ್ಟಿಗೆ 120 ಮಿಲಿ ಕುದಿನೀರು ಹಾಕಿ ಕಲಸಿ, ಮುಚ್ಚಿ, ಪೂರ್ತಿ ಆರಲು ಬಿಡಿ. ಬಿಸಿ ಉಳಿದರೆ ಈಸ್ಟ್ ಸಾಯುತ್ತದೆ. ಅದಕ್ಕೆ 300 ಗ್ರಾಂ ಮೈದಾ, 5 ಗ್ರಾಂ ಇನ್‌ಸ್ಟಂಟ್ ಈಸ್ಟ್, 20 ಗ್ರಾಂ ಬೆಲ್ಲದ ಪುಡಿ, 7 ಗ್ರಾಂ ಉಪ್ಪು, 130ರಿಂದ 150 ಮಿಲಿ ಉಗುರುಬೆಚ್ಚಗಿನ ಹಾಲು ಸೇರಿಸಿ ಹತ್ತು ನಿಮಿಷ ನಾದಿ, ಕೊನೆಗೆ 25 ಗ್ರಾಂ ಬೆಣ್ಣೆ. ಹಿಟ್ಟು ಎರಡರಷ್ಟಾಗುವವರೆಗೆ ಮುಚ್ಚಿಡಿ. ಪುಸ್ತಕಗಳು ಒಂದೂವರೆ ತಾಸು ಅನ್ನುತ್ತವೆ, ನಮ್ಮ ಬೇಸಿಗೆಯಲ್ಲಿ ಮುಕ್ಕಾಲು ತಾಸೂ ಬೇಕಾಗದು. ಗಡಿಯಾರ ಬಿಟ್ಟು ಹಿಟ್ಟನ್ನೇ ನೋಡಿ. ಒಂಬತ್ತು ಉಂಡೆ ಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗುವಂತೆ ಇಟ್ಟು, ಮತ್ತೆ ಉಬ್ಬಿದ ಮೇಲೆ ಹಾಲು ಸವರಿ, ಎಳ್ಳು ಉದುರಿಸಿ, 180 ಡಿಗ್ರಿಯಲ್ಲಿ 20–25 ನಿಮಿಷ. ಇದನ್ನು ನಡುವೆ ಸೀಳಿ ಎಣ್ಣೆಗಾಯಿಯ ಗಟ್ಟಿ ಖಾರ ಸವರಿ ಕೊಟ್ಟರೆ ಸಂಜೆಯ ತಿಂಡಿ ಆಯಿತು.

ಬನ್ನು ಬಿಟ್ಟು ಮತ್ತೆ ರೊಟ್ಟಿಗೇ ಬಂದರೆ, ಜೋಳ ಮೊದಲು ಬೆಳೆದ ಆಫ್ರಿಕಾದಲ್ಲೂ ಅದರ ರೊಟ್ಟಿ ಇದೆ. ಸುಡಾನಿನವರು ಹಿಟ್ಟನ್ನು ಹುಳಿ ಬರಿಸಿ, ತೆಳುವಾಗಿ ಹಂಚಿನ ಮೇಲೆ ಹರಡಿ ಕಿಸ್ರಾ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ ಭಾಕ್ರಿ, ತೆಲಂಗಾಣದಲ್ಲಿ ಜೊನ್ನ ರೊಟ್ಟೆ. ಖಡಕ್ ರೊಟ್ಟಿಯನ್ನು ಮಾರುಕಟ್ಟೆಗೆ ಒಯ್ದವರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸ್ತ್ರೀಶಕ್ತಿ ಗುಂಪುಗಳು ಮುಂದಿವೆ. ಕಲಬುರಗಿ ರೊಟ್ಟಿ ಈಗ ಅದೇ ಹೆಸರಿನ ಬ್ರ್ಯಾಂಡ್ ಆಗಿ ದೂರದ ಊರುಗಳಿಗೂ ಹೋಗುತ್ತಿದೆ. ಮನೆಯಲ್ಲಿ ಬಡಿಯಲು ಆಗದವರು ಅವರಿಂದ ಕೊಳ್ಳಿ, ಕೊಳ್ಳುವಾಗ ತಯಾರಿಸಿದ ದಿನ ಕೇಳಿ.

ಬೆಂಗಳೂರಿಗೆ, ಹಾಸ್ಟೆಲ್ಲಿಗೆ ಮಕ್ಕಳ ಜೊತೆ ಕಳಿಸುವಾಗ ಖಡಕ್ ರೊಟ್ಟಿಯನ್ನು ಇಡಿಯಾಗಿಯೇ ಇಡಬೇಕೆಂಬ ಹಟ ಬೇಡ, ಬಸ್ಸಿನ ಕುಲುಕಾಟಕ್ಕೆ ಅಂಚು ಉದುರುತ್ತದೆ. ಬೆಂದು ಇನ್ನೂ ಮೆತ್ತಗಿರುವಾಗಲೇ ನಾಲ್ಕಾಗಿ ಮಡಚಿ, ಆ ಮಡಿಕೆಯಲ್ಲೇ ಒಣಗಿಸಿದರೆ ಡಬ್ಬಿಯಲ್ಲಿ ಸಾಲಾಗಿ ಕೂರುತ್ತದೆ. ಡಬ್ಬಿಯ ತಳದಲ್ಲಿ ಒಂದು ಹಾಳೆ, ಮೇಲೊಂದು ಹಾಳೆ. ಚಟ್ನಿಪುಡಿ ಬೇರೆ ಡಬ್ಬಿಯಲ್ಲಿರಲಿ, ಅದರ ಎಣ್ಣೆಯ ವಾಸನೆ ರೊಟ್ಟಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಸಣ್ಣ ಉರಿಯ ಹಂಚಿನ ಮೇಲೆ ಎರಡೂ ಕಡೆ ಒಂದೊಂದು ನಿಮಿಷ ಕಾಯಿಸಿ, ಆರಿದ ಮೇಲೆ ಮತ್ತೆ ಕಟ್ಟೆಂದು ಮುರಿಯುತ್ತದೆ.